ನಡಿಯಂಗಿಲ್ಲ

ಕ್ಲಾಸೆಟ್ಟಿನ ಬಾಗಿಲು ಎಳೆದುಕೊಂಡು, ತೂಗುಹಾಕಿದ ಸೀರೆಗಳನ್ನು ಒಂದು ಪಕ್ಕಕ್ಕೆ ಸರಿಸಿ, ಇಂದುಮತಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಳು. ಕೂರುವಾಗ ಸೊಂಟ ಎಂದಿನಂತೆ ಒಮ್ಮೆ ಹಿಡಿದು ಬಿಟ್ಟಿತು. ಲಿಟಲ್ ಎಲ್ಮ್ ಎಂಬ ಊರಿನ ಈ ಹೊಸ ಮನೆಯಲ್ಲಿ ಬೇಕಾದಷ್ಟು ಕೋಣೆಗಳಿದ್ದರೂ ಸದ್ದಿಲ್ಲದ ಜಾಗ ಅಂತ ಇರುವುದು ಇದೊಂದೇ. ಮಿಕ್ಕ ಕಡೆಯೆಲ್ಲ ಏಸಿಯ ಗೊರಗೊರ, ಹಿಂದಿನ ರಸ್ತೆಯಲ್ಲಿ ಇನ್ನೂ ಕಟ್ಟುತ್ತಲೇ ಇರುವ ಮನೆಗಳಿಗೆ ಮೊಳೆ ಹೊಡೆಯುವ ಮಿಷನ್ನು, ಇಲ್ಲವೇ ಭಾಸ್ಕರನ ಯೂಟ್ಯೂಬು. ಬಟ್ಟೆ ತುಂಬಿದ ಕೋಣೆಯಲ್ಲಿ ದನಿ ಗುಂಯ್‌ಗುಡುವುದಿಲ್ಲ ಎಂದು ಟ್ರೈನಿಂಗಿನಲ್ಲಿ ಯಾರೂ ಹೇಳಿರಲಿಲ್ಲ, ಅವಳೇ ಕಂಡುಕೊಂಡದ್ದು. ಮದುವೆ ಮುಂಜಿಗಳಿಗೆ ಉಡಬೇಕೆಂದು ಮೈಸೂರಿನಿಂದ ಹೊತ್ತು ತಂದ ಸೀರೆಗಳು ಕೊನೆಗೆ ಈ ಉಪಯೋಗಕ್ಕಾದರೂ ಬಂದವಲ್ಲ. ಹೆಡ್‌ಸೆಟ್ ಏರಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ಹಸಿರು ಗುಂಡಿ ಒತ್ತಿ, ಇವತ್ತಾದರೂ ಆ ಹೆಂಗಸಿನ ಕರೆ ಬಾರದಿರಲಿ ಅಂದುಕೊಂಡಳು. ಮರುಕ್ಷಣವೇ ಬಂದರೆ ಬಂದು ಮುಗಿದುಹೋಗಲಿ ಅಂತಲೂ ಅನ್ನಿಸಿ ತನ್ನ ಮೇಲೆಯೇ ಬೇಸರವಾಯಿತು.

ಫೋನಿನಲ್ಲಿ ಇಂಟರ್ಪ್ರಿಟರ್ ಕೆಲಸ. ಆಸ್ಪತ್ರೆಯವರೋ ಇನ್ಶೂರೆನ್ಸಿನವರೋ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಈ ಕಡೆಯಿಂದ ಯಾರದೋ ಅತ್ತೆಯೋ ಮಾವನೋ ಕನ್ನಡದಲ್ಲಿ ಉತ್ತರ ಹೇಳುತ್ತಾರೆ, ನಡುವೆ ಇವಳು. ಕನ್ನಡಕ್ಕೆ ಏಜೆನ್ಸಿಯಲ್ಲಿ ಇರುವವರೇ ಬೆರಳೆಣಿಕೆ ಜನ, ಹಾಗಾಗಿ ಒಮ್ಮೆ ಕೇಳಿದ ದನಿ ಮತ್ತೆ ಬರುವುದು ಅಪರೂಪವೇನಲ್ಲ. ಕಲಿಸಿದ ಮೊದಲ ನಿಯಮ, ನೀನು ಇಲ್ಲ ಎಂಬುದು. ಆ ಕಡೆಯವರು ‘ನನಗೆ ಹೊಟ್ಟೆನೋವು’ ಅಂದರೆ ಇವಳೂ ಇಂಗ್ಲಿಷಿನಲ್ಲಿ ನನಗೆ ಹೊಟ್ಟೆನೋವು ಎನ್ನಬೇಕು, ‘ಅವರಿಗೆ’ ಅನ್ನುವಂತಿಲ್ಲ. ಒಂದೇ ಬೆಳಗಿನಲ್ಲಿ ಅವಳು ಬಸುರಿಯಾಗಿದ್ದಾಳೆ, ಪ್ರಾಸ್ಟೇಟ್ ಊದಿಕೊಂಡ ಮುದುಕನಾಗಿದ್ದಾಳೆ, ಹಲ್ಲು ಕಟ್ಟಿಸಿಕೊಳ್ಳಲು ಹೆದರುವವಳಾಗಿದ್ದಾಳೆ. ಅಕಸ್ಮಾತ್ ತನ್ನದೇ ಮಾತೊಂದು ಹೇಳಬೇಕಾದರೆ ‘ಇಂಟರ್ಪ್ರಿಟರ್ ಕೇಳುತ್ತಿದ್ದಾರೆ’ ಎಂದು, ಪಕ್ಕದ ಮನೆಯವಳ ವಿಷಯ ಹೇಳುವ ಹಾಗೆ ಹೇಳಬೇಕು. ಮೊದಮೊದಲು ಇದು ಅವಳಿಗೆ ತಮಾಷೆಯಾಗಿತ್ತು, ಭಾಸ್ಕರನ ಮುಂದೆ ಮಿಮಿಕ್ರಿ ಮಾಡಿ ತೋರಿಸಿದ್ದಳು. ಈಗೀಗ ಕೆಲಸ ಮುಗಿಸಿ ಹೊರಗೆ ಬಂದ ಮೇಲೂ, ಅನ್ನಕ್ಕಿಡುವಾಗಲೂ, ಯಾರದೋ ನೋವು ‘ನನಗೆ’ ಎಂದು ನಾಲಗೆಯ ಮೇಲೆ ಉಳಿದುಬಿಡುತ್ತಿತ್ತು.

ಶನಿವಾರ ದೇವಸ್ಥಾನದ ಊಟದ ಹಾಲಿನಲ್ಲಿ ಪುಳಿಯೋಗರೆ ಬಡಿಸಿಕೊಂಡು ಕೂತಿದ್ದಾಗ ಗದಗದ ಕಡೆಯ ಗುರವ್ವ ಪಕ್ಕದಲ್ಲಿದ್ದರು. ಪ್ಲೇನೋದಲ್ಲಿ ಅವರ ಮಗನ ಮನೆ. ಪ್ರತಿ ವಾರವೂ ಇಂದುಮತಿಯ ಪಕ್ಕ ಕೂತು, ಅವಳ ಕನ್ನಡ ರೇಡಿಯೋದಾಗ ಬಂದಂಗ ಬರ್ತದ ಎಂದು ನಗುವವರು. ಎದ್ದು ನಿಲ್ಲಲು ಹೋಗಿ, ಸೀರೆಯನ್ನು ಒಂದಿಷ್ಟು ಎತ್ತಿ ಮೊಣಕಾಲಿನ ಪಟ್ಟಿ ಬಿಗಿಮಾಡಿಕೊಳ್ಳುತ್ತ, “ಈ ಪಟ್ಟಿ ಇಲ್ಲಂದ್ರ ನಡಿಯಂಗಿಲ್ರಿ” ಅಂದರು. ಅಂದು, ಎದ್ದು, ತಟ್ಟೆ ಹಿಡಿದು ಕಸದ ಡಬ್ಬಿಯ ಕಡೆಗೆ ನಡೆದರು. ಇಂದುಮತಿಯ ಬಾಯಲ್ಲಿ ತುತ್ತು ಹಾಗೆಯೇ ಉಳಿಯಿತು. ಗುರವ್ವನ ಕಾಲುಗಳನ್ನು ನೋಡುತ್ತಿದ್ದಳು. ಒಂದಾದ ಮೇಲೊಂದು, ನಿಧಾನವಾಗಿ, ಅವು ನಡೆಯುತ್ತಿದ್ದವು. ಅಯ್ಯೋ, ಕಾಲಿನ ವಿಷಯ, ಬರೀ ಕಾಲಿನ ವಿಷಯ ಎಂದು ಅವಳಿಗೆ ಹೊಳೆದದ್ದು ಆಗ. ಅವತ್ತಿನಿಂದ ಊಟ ರುಚಿಸಿಲ್ಲ.

ಆ ಕರೆ ಬಂದದ್ದು ಅದಕ್ಕೂ ಕೆಲವು ವಾರ ಮುಂಚೆ. ಇನ್ಶೂರೆನ್ಸಿನ ಹೆಂಗಸು ಟ್ರೇಸಿ, ಬಳಲಿದ ಆದರೆ ಒರಟಲ್ಲದ ದನಿ. ಆ ಕಡೆ ಹೂಸ್ಟನ್ನಿನಿಂದ ಶಾಂತವ್ವ ಎಂಬ ವಯಸ್ಸಾದ ಹೆಂಗಸು, ಮಗ ಕಲ್ಮೇಶನ ಮನೆಯಲ್ಲಿರುವವರು. ಮೆಡಿಕೇರ್ ಎಂಬ ಸರ್ಕಾರಿ ವಿಮೆಯಲ್ಲಿರುವ ವಯಸ್ಸಾದವರು ಚಟ ಹಿಡಿಸಬಲ್ಲ ನೋವಿನ ಮಾತ್ರೆಯನ್ನು ಹಲವು ಡಾಕ್ಟರರಿಂದ ಬರೆಸಿ ಹಲವು ಅಂಗಡಿಗಳಲ್ಲಿ ಕೊಂಡರೆ ಕಂಪನಿಯ ಕಂಪ್ಯೂಟರು ಅವರ ಹೆಸರನ್ನು ಎತ್ತಿ ಮುಂದಿಡುತ್ತದೆ. ಆಮೇಲೆ ಒಬ್ಬರು ಫೋನ್ ಮಾಡಿ ವಿಚಾರಿಸುತ್ತಾರೆ. ಅವರಿಗೆ ಸಂಶಯ ಉಳಿದರೆ, ಇನ್ನು ಮುಂದೆ ಒಬ್ಬರೇ ಡಾಕ್ಟರು, ಒಂದೇ ಫಾರ್ಮಸಿ, ಬೇರೆಲ್ಲಿ ಹೋದರೂ ಆ ಮಾತ್ರೆ ಸಿಗದು. ನಿಯಮವೇನೂ ಕೆಟ್ಟದ್ದಲ್ಲ, ಅದು ಇಂದುಮತಿಗೆ ಚೆನ್ನಾಗಿ ಗೊತ್ತು. ಶಾಂತವ್ವನ ಕರೆಗೆ ಸ್ವಲ್ಪ ಮೊದಲು ಇಂಥದೇ ಇನ್ನೊಂದು ಕರೆಯಲ್ಲಿ ಒಬ್ಬ ಮುದುಕರು ಮಾತಾಡಿದ್ದರು, ಬೆಂಗಳೂರಿನ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸದಲ್ಲಿದ್ದವರು. ಪ್ರತಿ ಮಾತೂ ಕೆಸರಿನಲ್ಲಿ ಕಾಲಿಟ್ಟಂತೆ ಜಾರುತ್ತಿತ್ತು, ಹಿಂದಿನಿಂದ ಅವರ ಹೆಂಡತಿ “ಕೊಡಬೇಡಿ ಅಂತ ಹೇಳಿ, ದಯವಿಟ್ಟು ಇವರಿಗೆ ಕೊಡಬೇಡಿ ಅಂತ ಹೇಳಿ” ಎಂದು ಅಳುತ್ತಿದ್ದರು. ಅದನ್ನೂ ಇಂದುಮತಿ ‘ದಯವಿಟ್ಟು’ ಬಿಡದೆ ಇಂಗ್ಲಿಷಿಗೆ ತಿರುಗಿಸಿದ್ದಳು. ಆ ಅಳು ಕಿವಿಯಲ್ಲಿ ಇನ್ನೂ ಆರಿರಲಿಲ್ಲ. ಟ್ರೇಸಿ, ಈ ಮಾತ್ರೆ ಇಲ್ಲದಿದ್ದರೆ ನಿಮಗೆ ಏನಾಗುತ್ತೆ ಎಂದು ಕೇಳಿದಳು. ಶಾಂತವ್ವ, “ಗುಳಿಗಿ ಇಲ್ಲಂದ್ರ ನಡಿಯಂಗಿಲ್ರಿ” ಅಂದರು. ಇಂದುಮತಿ ತಡವರಿಸಲಿಲ್ಲ. “ಐ ಕಾಂಟ್ ಡೂ ವಿದೌಟ್ ದ ಪಿಲ್ಸ್” ಅಂದಳು. ಆ ಕಡೆ ಟ್ರೇಸಿಯ ಬೆರಳು ಕಂಪ್ಯೂಟರಿನ ಕೀಲಿಗಳ ಮೇಲೆ ಓಡಿದ ಸದ್ದು ಕೇಳಿಸಿತು.

ಕೇಳಬಹುದಾಗಿತ್ತು. ‘ಇಂಟರ್ಪ್ರಿಟರ್ ಸ್ಪಷ್ಟೀಕರಣ ಕೇಳುತ್ತಿದ್ದಾರೆ’ ಅಂದರೆ ಸಾಕಿತ್ತು, ಅದಕ್ಕೆಂದೇ ಇರುವ ಮಾತು. ನಡಿಯಂಗಿಲ್ಲ ಅಂದರೆ ಏನಮ್ಮಾ, ನಿಮಗೆ ನಡೆಯೋಕೆ ಆಗಲ್ಲವಾ, ಇಲ್ಲಾ ಅದಿಲ್ಲದೆ ನಡೆಯೋದಿಲ್ಲವಾ? ಆದರೆ ಮೈಸೂರಿನಲ್ಲಿ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ಪಾಠ ಹೇಳಿದವಳಿಗೆ ಕನ್ನಡದಲ್ಲಿ ಸ್ಪಷ್ಟೀಕರಣವೇ? ಧಾರವಾಡದ ಕಡೆಯವರ ಮಾತು ಬಂದಾಗಲೆಲ್ಲ ಅವಳಿಗೆ ಒಳಗೊಳಗೇ ಇರುಸುಮುರುಸು. ಅರ್ಥವಾಗಲಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಅರ್ಥವಾಯಿತು ಎಂದುಕೊಳ್ಳುವುದು ಸಲೀಸು. ಒಂಬತ್ತನೇ ಕ್ಲಾಸಿನ ಕಿಟಕಿಯ ಪಕ್ಕ ನಿಂತು, ಸೀಮೆಸುಣ್ಣ ಹಿಡಿದು, ಕನ್ನಡದಲ್ಲಿ ಕರ್ತೃಪದ ಇಲ್ಲದೆಯೂ ವಾಕ್ಯ ನಿಲ್ಲುತ್ತದೆ, ಕೇಳುವವರು ಅದನ್ನು ಸಂದರ್ಭ ನೋಡಿ ತುಂಬಿಕೊಳ್ಳಬೇಕು ಎಂದು ಎಷ್ಟು ಬ್ಯಾಚಿಗೆ ಹೇಳಿಲ್ಲ ಅವಳು. ‘ಬರಲ್ಲ’ ಎಂದು ಬೋರ್ಡಿನ ಮೇಲೆ ಬರೆದು, ಯಾರು ಬರಲ್ಲ, ನಾನೋ, ಬಸ್ಸೋ, ಮಳೆಯೋ ಎಂದು ಕೇಳಿದರೆ ಮಕ್ಕಳೆಲ್ಲ ನಗುತ್ತಿದ್ದವು. ಯಾರು ನಡಿಯಂಗಿಲ್ಲ ಎಂದು ಅವತ್ತು ಅವಳೇ ಕೇಳಲಿಲ್ಲ. ಕರ್ತೃಪದವನ್ನು ಒಂದು ಗಳಿಗೆಯೂ ಯೋಚಿಸದೆ ತುಂಬಿಕೊಂಡಳು. ಎಲ್ಲಿಂದ ತಂದು ತುಂಬಿದೆ ಎಂಬ ಪ್ರಶ್ನೆ ಬಂದಾಗಲೆಲ್ಲ ಅವಳು ಎದ್ದು ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಬೆಳಗ್ಗೆ ಉಪ್ಪಿಟ್ಟು ತಿನ್ನುವಾಗ ಭಾಸ್ಕರ, “ಏನೇ, ಇವತ್ತೂ ಗೂಡು ಸೇರ್ಕೋತೀಯಾ?” ಎಂದು ಕೆಣಕಿದ್ದ.

“ಮತ್ತೇನ್ ಮಾಡ್ಲಿ. ನಿಮ್ ಜೊತೆ ಕೂತ್ಕೊಂಡು ಡ್ರೋನ್ ವಿಡಿಯೋ ನೋಡ್ಲಾ?”

“ಮುಖ ಯಾಕೋ ಬಾಡಿದೆ. ನಿದ್ದೆ ಬರ್ತಾ ಇಲ್ವಾ?”

“ಬರತ್ತೆ.”

“ಅಂದಹಾಗೆ ನನ್ನ ಮಂಡಿ ಆಪರೇಷನ್ ಮಾತ್ರೆ ಡಬ್ಬಿ ಎಲ್ಲೇ? ಮಿಕ್ಕಿದ್ದು ಸುಮ್ನೆ ಮನೇಲಿಟ್ಕೋಬಾರ್ದಂತೆ. ಫಾರ್ಮಸೀಲಿ ಹಾಕೋಕೆ ಒಂದು ಪೆಟ್ಟಿಗೆ ಇಟ್ಟಿರ್ತಾರೆ, ಪ್ಲೇನೋ ಕಡೆ ಹೋಗ್ತಿದೀನಲ್ಲ, ಹಾಕಿ ಬರ್ತೀನಿ.”

“ಆವಾಗ್ಲೇ ಹಾಕಿ ಬಂದಾಯ್ತಲ್ಲ ರೀ,” ಅಂದಳು ಇಂದುಮತಿ. ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡುತ್ತ, ತಲೆ ಎತ್ತದೆ. ಭಾಸ್ಕರ ಹೂಂ ಅಂದ. ಅವನು ಸಂಶಯಪಡುವವನಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟ.

ಡಬ್ಬಿ ಈಗ ಅವಳ ತಲೆಯ ಮೇಲೆ ಇತ್ತು, ಮೇಲಿನ ಹಲಗೆಯಲ್ಲಿ, ಅವಳ ತಾಯಿಯ ಹಳೇ ಕಂಚಿ ಸೀರೆಯ ಮಡಿಕೆಯೊಳಗೆ. ಮೊದಲ ಸಲ ಅರ್ಧ ಮಾತ್ರೆ ನುಂಗಿದ್ದು ನಿಜವಾಗಿಯೂ ಸೊಂಟನೋವಿಗೇ. ಕರೆಗಳ ಮೇಲೆ ಕರೆ ಬಂದು, ಸ್ಟೂಲಿನಿಂದ ಏಳಲಾಗದ ದಿನ. ನೋವು ಹೋಯಿತು, ಅದರ ಜೊತೆಗೆ ಇನ್ನೂ ಏನೇನೋ ಹೋಯಿತು. ದಿನವಿಡೀ ನಾಲಗೆಗೆ ಅಂಟಿಕೊಂಡ ಪರರ ‘ನನಗೆ’ಗಳೆಲ್ಲ ಕಳಚಿ, ಮೈ ಹಗುರಾಗಿ, ಯಾರೂ ಅಲ್ಲದವಳಾಗಿ ಮಲಗಿದಳು. ಅಷ್ಟು ಸುಖವಾಗಿ ನಿದ್ದೆ ಬಂದು ಎಷ್ಟು ವರ್ಷವಾಗಿತ್ತೋ. ಆಮೇಲೆ ಸೊಂಟ ನೋಯದ ದಿನವೂ ನೋಯುತ್ತಿದೆ ಅನ್ನಿಸತೊಡಗಿತು. ಅರ್ಧ ಒಂದಾಯಿತು. ಹೋದ ತಿಂಗಳು ಭಾಸ್ಕರನ ಡಾಕ್ಟರಿಗೆ ತಾನೇ ಫೋನ್ ಮಾಡಿ, ಅವರಿಗೆ ಇನ್ನೂ ಮಂಡಿ ನೋವು ಹೋಗಿಲ್ಲ ಅಂದಿದ್ದಳು, ಎಷ್ಟು ಸಲೀಸಾಗಿ ಅಂದಿದ್ದಳು, ಇನ್ನೊಬ್ಬರ ನೋವನ್ನು ಹೇಳುವುದೇ ತನ್ನ ಕೆಲಸ ಎಂಬಷ್ಟು ಸಲೀಸಾಗಿ. ನರ್ಸು ಮತ್ತೊಂದು ಡಬ್ಬಿಗೆ ಏರ್ಪಾಡು ಮಾಡಿದಳು. ಇದನ್ನು ಇಂಗ್ಲಿಷಿನಲ್ಲಿ ಏನೆಂದು ಕರೆಯುತ್ತಾರೆ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಆ ಶಬ್ದವನ್ನು ಕನ್ನಡಕ್ಕೆ ಎಷ್ಟೋ ಸಲ ತಿರುಗಿಸಿ ಕೊಟ್ಟಿದ್ದಾಳೆ.

ಕರೆ ಬಂತು. ಹೆಡ್‌ಸೆಟ್ಟಿನಲ್ಲಿ ಸಣ್ಣ ಗಂಟೆ, ಪರದೆಯ ಮೇಲೆ ‘ಕನ್ನಡ, ಇನ್ಶೂರೆನ್ಸ್’. ಇಂದುಮತಿ ತನ್ನ ಹೆಸರು ಹೇಳದೆ ತನ್ನ ನಂಬರು ಹೇಳಿದಳು. ಟ್ರೇಸಿಯ ಬಳಲಿದ ದನಿ ಗುಡ್ ಮಾರ್ನಿಂಗ್ ಅಂದಿತು. ಮೆಂಬರ್, ಅಂದರೆ ಇನ್ಶೂರೆನ್ಸ್ ಪಡೆದವರು, ಲೈನಿನಲ್ಲಿದ್ದಾರೆ, ಮಗಳೂ ಪಕ್ಕದಲ್ಲಿದ್ದಾಳೆ, ಆದರೆ ಮೆಂಬರೇ ಮಾತಾಡಬೇಕು ಎಂದು ಹೇಳಿದ್ದೇನೆ ಅಂದಳು. ಹೆಸರು ಹೇಳುವ ಮೊದಲೇ ಅದು ಯಾರೆಂದು ಇಂದುಮತಿಗೆ ಗೊತ್ತಾಗಿತ್ತು.

“ನಮಸ್ಕಾರ್ರಿ. ನಾ ಶಾಂತವ್ವ. ಈಗ ಆಸ್ಟಿನ್ನಿನಾಗ ಮಗಳು ಶೀತಲ್ ಮನ್ಯಾಗ ಅದೀನ್ರಿ. ಇಲ್ಲಿ ಅಂಗಡ್ಯಾಗ ಗುಳಿಗಿ ಕೊಡವಲ್ರು. ಹೂಸ್ಟನ್ನಿಗೇ ಹೋಗ್ರಿ ಅಂತಾರ.”

ಇಂದುಮತಿ ಇಂಗ್ಲಿಷಿನಲ್ಲಿ, ನಾನು ಈಗ ಆಸ್ಟಿನ್ನಿನಲ್ಲಿ ನನ್ನ ಮಗಳ ಮನೆಯಲ್ಲಿದ್ದೇನೆ ಅಂದಳು. ಅಂಗಡಿಯ ಮಾತನ್ನೂ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಶಾಂತವ್ವ, “ಇದು ನೀವ ಅಲ್ರಿ? ಆವತ್ತು ಮಾತಾಡಿದಾಕಿ. ನಿಮ್ಮ ದನಿ ನನಗ ನೆನಪದ” ಅಂದರು.

ಕೇಳಿದ್ದನ್ನೆಲ್ಲ ಹೇಳಬೇಕು, ಸೇರಿಸಬಾರದು, ಬಿಡಬಾರದು. ಇಂದುಮತಿ ಟ್ರೇಸಿಗೆ, “ಇದು ನೀವೇ ಅಲ್ಲವೇ, ಆವತ್ತು ಮಾತಾಡಿದವರು, ನಿಮ್ಮ ದನಿ ನನಗೆ ನೆನಪಿದೆ” ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿದಳು. ಟ್ರೇಸಿ ಅದು ತನಗೇ ಹೇಳಿದ್ದೆಂದು ತಿಳಿದು, ಹೌದಮ್ಮಾ ನಾನೇ, ನೆನಪಿಟ್ಟಿದ್ದಕ್ಕೆ ಥ್ಯಾಂಕ್ಸ್ ಅಂದಳು. ಅದನ್ನೂ ಇಂದುಮತಿ ಕನ್ನಡದಲ್ಲಿ ಹೇಳಿದಳು. “ಹೌದಮ್ಮಾ, ನಾನೇ.”

ಟ್ರೇಸಿ ವಿಷಯಕ್ಕೆ ಬಂದಳು. ನಿಮಗೆ ಎರಡು ಊರಿನಲ್ಲಿ ಡಾಕ್ಟರರಿದ್ದಾರೆ, ಎರಡೂ ಕಡೆ ಇದೇ ಮಾತ್ರೆ ಬರೆದಿದ್ದಾರೆ. ಡಾಕ್ಟರರಿಗೆ ಫೋನ್ ಮಾಡಿದರೆ ಇಬ್ಬರಿಂದಲೂ ಸರಿಯಾದ ಉತ್ತರ ಬರಲಿಲ್ಲ. ಹಾಗಾಗಿ ನೀವು ಹೇಳಿದ್ದನ್ನೇ ನೋಡಿ ಹೂಸ್ಟನ್ನಿನ ಒಬ್ಬ ಡಾಕ್ಟರು, ಅದೇ ಊರಿನ ಹಿಲ್‌ಕ್ರಾಫ್ಟಿನ ಒಂದು ಫಾರ್ಮಸಿ ಎಂದು ನಿಗದಿ ಮಾಡಿದ್ದೇವೆ. ಇದು ನಿಮ್ಮ ಒಳ್ಳೆಯದಕ್ಕೇ.

“ನಾ ಆರು ತಿಂಗಳ ಮಗನ ಮನ್ಯಾಗ, ಆರು ತಿಂಗಳ ಮಗಳ ಮನ್ಯಾಗ ಇರಾಕಿ ರೀ,” ಅಂದರು ಶಾಂತವ್ವ. “ಇಬ್ರಿಗೂ ಹಂಗ ಮಾತು ಕೊಟ್ಟೀನಿ. ಮಗಳು ಹಡದು ಇನ್ನೂ ತಿಂಗಳಾಗಿಲ್ಲ, ಕೂಸಿಗೆ ಎರಿಯೂದು ಬಾಣಂತಿಗೆ ಎರಿಯೂದು ಎಲ್ಲಾ ನಾನ. ಈಗ ಹೂಸ್ಟನ್ನಿಗೆ ಹೋಗಂದ್ರ ಹೆಂಗ್ರಿ? ಗುಳಿಗಿಗಾಗಿ ಮಗಳ್ನ ಬಿಟ್ಟು ಹೋಗ್ಲೇನು?” ಹಿಂದೆ ಎಲ್ಲೋ ಕೂಸೊಂದು ಅತ್ತು ಸುಮ್ಮನಾಯಿತು. ಶೀತಲ್ ಇರಬೇಕು, “ಅವ್ವಾ, ನೀ ಹೋಗು, ನಾ ಹೆಂಗರ ಮಾಡ್ಕೋತೀನಿ” ಅಂದದ್ದು ಕೇಳಿಸಿತು. ಇಂದುಮತಿ ಎಲ್ಲವನ್ನೂ ಹೇಳಿದಳು, ಬಾಣಂತಿಗೆ ನೀರೆರೆಯುವುದನ್ನು ಇಂಗ್ಲಿಷಿನಲ್ಲಿ ಹೇಳಲು ಒದ್ದಾಡಿದಳು. ಅವಳ ಮಾತಿನಲ್ಲಿ ಅದು ಬರೀ ಸ್ನಾನವಾಗಿ ಉಳಿಯಿತು.

ಟ್ರೇಸಿ ನಿಟ್ಟುಸಿರಿಟ್ಟಳು. ಎರಡು ಮನೆಯ ವಿಷಯ ನೀವು ಆವತ್ತೂ ಹೇಳಿದ್ದಿರಿ, ಬರೆದುಕೊಂಡಿದ್ದೇನೆ. ಅದಷ್ಟೇ ಆಗಿದ್ದರೆ ಬೇರೆ ಮಾತು. ಆದರೆ, ಎಂದು ಪರದೆಯ ಮೇಲಿದ್ದುದನ್ನು ಓದಿದಳು, ಮೆಂಬರ್ ತಾವೇ ಹೇಳಿದ್ದು, ಐ ಕಾಂಟ್ ಡೂ ವಿದೌಟ್ ದ ಪಿಲ್ಸ್. ಇಂಥ ಮಾತು ಕೇಳಿದ ಮೇಲೆ ನಾವು ಕಣ್ಣುಮುಚ್ಚಿಕೊಂಡು ಕೂರುವ ಹಾಗಿಲ್ಲ, ಮುಂದೆ ಏನಾದರೂ ಹೆಚ್ಚುಕಮ್ಮಿಯಾದರೆ ಯಾರು ಹೊಣೆ.

ಇದನ್ನು ಈಗ ಕನ್ನಡ ಮಾಡಬೇಕು. ಮತ್ತೆ ‘ನಡಿಯಂಗಿಲ್ಲ’ ಅಂತಲೇ ತಿರುಗಿಸಿ ಹೇಳಿದರೆ ಶಾಂತವ್ವ, ಹೌದ್ರಿ ಅಂದೇನಿ ಅನ್ನುತ್ತಾರೆ, ಟ್ರೇಸಿ ಸರಿ ಅನ್ನುತ್ತಾಳೆ, ಯಾರಿಗೂ ಏನೂ ಗೊತ್ತಾಗದೆ ಕರೆ ಮುಗಿದುಹೋಗುತ್ತದೆ. ಒಂದೇ ಪದ, ಎರಡೂ ಕಡೆ ಸರಿಹೋಗುವ ಪದ. ಆ ಯೋಚನೆ ಬಂದ ವೇಗಕ್ಕೆ ಅವಳಿಗೇ ಅಸಹ್ಯವಾಯಿತು. ತಾಯಿಯ ಸೀರೆಯ ಸೆರಗಿನ ತುದಿ ಮೇಲಿನಿಂದ ಇಳಿದು ಅವಳ ಭುಜಕ್ಕೆ ತಾಗುತ್ತಿತ್ತು. “ನೀವು ಆವತ್ತು,” ಅಂದಳು, ಬಿಡಿಬಿಡಿಯಾಗಿ, “ಆ ಮಾತ್ರೆಯನ್ನ ಬಿಟ್ಟಿರೋಕೆ ನನ್ನ ಕೈಲಿ ಆಗಲ್ಲ, ಅದರ ಚಟ ಇದೆ ಅನ್ನೋ ಅರ್ಥದಲ್ಲಿ ಹೇಳಿದ್ರಿ, ಅಂತ ಇದರಲ್ಲಿ ಬರೆದಿದ್ದಾರೆ.”

“ಚಟಾ ಏನವ್ವಾ?” ಎಂದು ಹಿಂದಿನಿಂದ ಶೀತಲ್ ಕೇಳಿದ್ದು ಕೇಳಿಸಿತು.

“ನಾ ಹಂಗ ಅಂದಿಲ್ರಿ,” ಅಂದರು ಶಾಂತವ್ವ, ದನಿ ಸಣ್ಣದಾಗಿತ್ತು. “ಚಟಾ ಅಂತ ನಾ ಯಾಕ ಅನ್ಲಿ? ಗುಳಿಗಿ ಇಲ್ಲಂದ್ರ ನಡಿಯಂಗಿಲ್ಲ ಅಂದೆ. ಮುಂಜಾನೆದ್ದು ಕಾಲು ಊರಾಕ ಆಗಂಗಿಲ್ರಿ, ಕಚ್ಚಿ ಹಿಡಿತದ. ಗುಳಿಗಿ ತಗೊಂಡ್ರ ಬಚ್ಚಲತನಕ ನಡೀತೀನಿ. ಅಷ್ಟ. ಹೋದ ಸಲ ಇಲ್ಲಿಂದ ಅಲ್ಲಿಗೆ ಹೋಗೂಮುಂದ ಇನ್ನೊಂದು ಡಬ್ಬಿ ಬೇಕಂತ ಇಲ್ಲೀ ಡಾಕ್ಟರು ಬರದ್ರು. ಮಗಳ ಮುಂದ ಎಂಥಾ ಮಾತಂದ್ರಿ ನೀವು.”

ಇಂದುಮತಿ ಅದನ್ನೆಲ್ಲ ಹೇಳಿದಳು, ಈ ಸಲ ಐ ಕಾಂಟ್ ವಾಕ್ ಎಂದು. ಟ್ರೇಸಿಗೆ ಅದು ಮಾತು ಬದಲಾಯಿಸಿದ ಹಾಗೆ ಕೇಳಿಸಿರಬೇಕು. ಎಲ್ಲರೂ ಹೀಗೇ ಆಮೇಲೆ ಬದಲಾಯಿಸುತ್ತಾರಮ್ಮಾ, ನನಗೆ ಅರ್ಥವಾಗುತ್ತೆ ಅಂದಳು. ಅವಳ ದನಿಯಲ್ಲಿ ಕರುಣೆಯಿತ್ತು. ಆ ಕರುಣೆಯೇ ತಡೆಯಲಾಗದೆ, ಶಾಂತವ್ವನಿಗೆ ಕನ್ನಡದಲ್ಲಿ ಹೇಳುವ ಬದಲು ಇಂದುಮತಿ ಇಂಗ್ಲಿಷಿನಲ್ಲೇ, “ಐ ಮೇಡ್ ಎ ಮಿಸ್ಟೇಕ್” ಅಂದುಬಿಟ್ಟಳು.

“ಥ್ಯಾಂಕ್ ಯೂ, ಮ್ಯಾಮ್,” ಅಂದಳು ಟ್ರೇಸಿ ಮೆತ್ತಗೆ. ಕೀಲಿಗಳು ಓಡತೊಡಗಿದವು. ತಪ್ಪು ಒಪ್ಪಿಕೊಳ್ಳೋಕೆ ಧೈರ್ಯ ಬೇಕು. ಮೆಂಬರ್ ತಮ್ಮ ತಪ್ಪು ಒಪ್ಪಿಕೊಂಡಿದ್ದಾರೆ ಅಂತ ನೋಟ್ ಮಾಡ್ತಿದೀನಿ.

ಇಂದುಮತಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ತನ್ನ ‘ನಾನು’ ಕೂಡ ಆ ಮುದುಕಿಯ ತಲೆಯ ಮೇಲೆಯೇ ಹೋಗಿ ಕೂತಿತ್ತು. ಇಷ್ಟು ದಿನ ಎಷ್ಟೋ ಜನರ ನಾನು ಆಗಿ ಆಗಿ, ಈಗ ತಾನು ಅಂದರೆ ಯಾರೂ ನಂಬದ ಹಾಗಾಗಿದೆ. “ಇಲ್ಲ, ನಿಲ್ಲಿಸಿ,” ಅಂದಳು, “ಇದು ಇಂಟರ್ಪ್ರಿಟರ್ ಹೇಳುತ್ತಿರುವುದು. ತಪ್ಪು ಮಾಡಿದ್ದು ಇಂಟರ್ಪ್ರಿಟರ್. ಆವತ್ತಿನ ಮಾತನ್ನು ಇಂಟರ್ಪ್ರಿಟರ್ ತಪ್ಪಾಗಿ ಇಂಗ್ಲಿಷಿಗೆ ತಂದರು. ಮೆಂಬರ್ ಹೇಳಿದ್ದು, ಮಾತ್ರೆ ಇಲ್ಲದಿದ್ದರೆ ನಡೆಯೋಕಾಗಲ್ಲ ಅಂತ. ಅದೇ ಶಬ್ದಕ್ಕೆ ಇನ್ನೊಂದು ಅರ್ಥವೂ ಇದೆ. ಇಂಟರ್ಪ್ರಿಟರ್ ಕೇಳಿ ತಿಳಿದುಕೊಳ್ಳಲಿಲ್ಲ.” ತನ್ನನ್ನು ತಾನೇ ಯಾರೋ ಬೇರೆಯವಳಂತೆ ದೂರುವುದರಲ್ಲಿ ಒಂದು ಬಗೆಯ ಹಿತವಿತ್ತು. ಆ ಹಿತವೂ ಅವಳಿಗೆ ಸರಿ ಬರಲಿಲ್ಲ.

ಕೀಲಿಗಳು ನಿಂತವು. ನೀವು ಹೇಳ್ತಿರೋದು ಏನು ಅಂತ ನಿಮಗೆ ಗೊತ್ತಿದೆಯಲ್ಲ, ಇದು ರೆಕಾರ್ಡ್ ಆಗ್ತಿದೆ, ನಿಮ್ಮ ಏಜೆನ್ಸಿಗೂ ಹೋಗುತ್ತೆ, ಎಂದಳು ಟ್ರೇಸಿ. ಗೊತ್ತಿದೆ ಎಂದಳು ಇಂದುಮತಿ. ಸೂಪರ್ವೈಸರನ್ನು ಕೇಳಿ ಬರ್ತೀನಿ, ಇಬ್ಬರೂ ಲೈನಿನಲ್ಲಿರಿ.

“ಏನಂತಾರ್ರಿ? ಇಬ್ರ ಮಾತಾಡ್ಕೊಂತ ಹೊಂಟ್ರಿ, ನನಗ ಒಂದೂ ಹೇಳಲಿಲ್ಲ,” ಅಂದರು ಶಾಂತವ್ವ.

ಹೌದು, ಅದೂ ನಿಯಮವೇ. ನಡುವೆ ಆಡಿದ್ದನ್ನೆಲ್ಲ ಅವರಿಗೂ ಹೇಳಬೇಕು. “ಆವತ್ತು ಅನುವಾದದಲ್ಲಿ ತಪ್ಪಾಗಿತ್ತು ಅಂತ ಹೇಳಿದೆ ಅಮ್ಮಾ. ದೊಡ್ಡೋರನ್ನ ಕೇಳೋಕೆ ಹೋಗಿದ್ದಾರೆ,” ಅಂದಳು. ತಪ್ಪಾಗಿತ್ತು. ಎಂಥ ಅನುಕೂಲದ ಭಾಷೆ. ಮಳೆಯಾಗಿತ್ತು, ಹೊತ್ತಾಗಿತ್ತು, ತಪ್ಪಾಗಿತ್ತು. ಮಾಡಿದವರು ಯಾರೂ ಇಲ್ಲ.

ಹೋಲ್ಡಿನ ಸಂಗೀತ ಶುರುವಾಯಿತು, ಪಿಯಾನೋದ ಅದದೇ ತುಣುಕು. ಹೋಲ್ಡಿನಲ್ಲಿದ್ದಾಗ ಇಂಟರ್ಪ್ರಿಟರ್ ಮಾತಾಡುವ ಹಾಗಿಲ್ಲ. ಸ್ಟೂಲಿನಲ್ಲಿ ಮೈ ಸರಿಸಿದಾಗ ಸೊಂಟ ಹಿಡಿದು, ತಡೆಯುವ ಮೊದಲೇ ಅವಳ ಬಾಯಿಂದ ಸಣ್ಣ ನರಳಿಕೆ ಹೊರಟಿತು.

“ನಿಮಗೂ ಬ್ಯಾನಿ ಅದೇನ್ರಿ?” ಅಂದರು ಶಾಂತವ್ವ.

ಇಂದುಮತಿ “ಸೊಂಟ” ಅಂದಳು.

“ಕುಂತ ಮಾಡೋ ಕೆಲಸ ಭಾಳ ಕೆಟ್ಟ. ಗುಳಿಗಿ ತಗೋತೀರೇನು?”

ತಲೆಯ ಮೇಲೆ ಸೀರೆಯ ಮಡಿಕೆಯಲ್ಲಿ ಡಬ್ಬಿ ಇತ್ತು. ಭಾಸ್ಕರ ಕಾರು ತೆಗೆದುಕೊಂಡು ಹೋದ ಸದ್ದು ಆಗಲೇ ಕೇಳಿಸಿತ್ತು. ಯಾರಿಗೂ ಹೇಳದ್ದನ್ನು, ಗಂಡನಿಗೂ, ಮಗಳು ಅನನ್ಯಾಗೂ ಹೇಳದ್ದನ್ನು, ಮುಖ ನೋಡದ ಈ ಹೆಂಗಸು ಉಪ್ಪು ಹುಳಿ ವಿಚಾರಿಸುವ ಹಾಗೆ ಕೇಳುತ್ತಿದ್ದರು. “ತಗೋತೀನಿ,” ಅಂದಳು.

“ಇಲ್ಲಂದ್ರ?”

“ನಡೆಯಲ್ಲ.”

“ಹೂಂ. ಹಂಗ ಆಗ್ತದ್ರಿ. ವಯಸ್ಸು,” ಅಂದರು ಶಾಂತವ್ವ. ಅವರು ಆ ಮಾತನ್ನು ತಮ್ಮ ಕಾಲಿನ ಅಳತೆಗೇ ಕೇಳಿಸಿಕೊಂಡಿದ್ದರು. ಕರ್ತೃಪದವನ್ನು ತಮ್ಮಿಂದಲೇ ತಂದು ತುಂಬಿಕೊಂಡಿದ್ದರು, ಅವಳು ಆವತ್ತು ತನ್ನಿಂದ ತಂದು ತುಂಬಿದ ಹಾಗೆ. ಇಷ್ಟು ದಿನ ಓಡಿ ಓಡಿ ತಪ್ಪಿಸಿಕೊಂಡ ಉತ್ತರ ಇಷ್ಟೇ ಆಗಿತ್ತು. ಇಂದುಮತಿಗೆ ವಿಪರೀತ ದಣಿವಾಯಿತು, ಹೆಡ್‌ಸೆಟ್ ತೆಗೆದಿಟ್ಟು ಸೀರೆಗಳ ಕೆಳಗೆ ಹಾಗೆಯೇ ಮಲಗಿಬಿಡಬೇಕು ಅನ್ನಿಸಿತು.

ಸಂಗೀತ ನಿಂತು ಟ್ರೇಸಿ ಬಂದಳು. ಆ ಹಳೇ ಮಾತನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಿಮ್ಮ ಕೇಸನ್ನು ಮತ್ತೆ ನೋಡುತ್ತೇವೆ, ಅಲ್ಲಿಯವರೆಗೆ ಆಸ್ಟಿನ್ನಿನ ಫಾರ್ಮಸಿಯಲ್ಲೂ ನಿಮಗೆ ಮಾತ್ರೆ ಸಿಗುತ್ತೆ, ಇಬ್ಬರೂ ಡಾಕ್ಟರರು ಮಾತಾಡಿಕೊಂಡು ಒಂದೇ ಲೆಕ್ಕ ಇಡಬೇಕು. ಮುಂದಿನ ಕರೆಗೆ ಬೇರೆ ಇಂಟರ್ಪ್ರಿಟರ್ ಬರುತ್ತಾರೆ. ಒಂದೊಂದನ್ನೂ ಇಂದುಮತಿ ಕನ್ನಡದಲ್ಲಿ ಹೇಳಿದಳು, ಕೊನೆಯದನ್ನೂ ಬಿಡಲಿಲ್ಲ.

“ಹಂಗಾರ ಇಲ್ಲೇ ಇರ್ಲೇನ್ರಿ?” ಅಂದರು ಶಾಂತವ್ವ. ಸದ್ಯಕ್ಕೆ ಇರಿ ಎಂದಳು ಟ್ರೇಸಿ. ಹಿಂದಿನಿಂದ ಶೀತಲ್ ಏನೋ ಅಂದಳು, ಕೂಸು ಮತ್ತೆ ಅಳತೊಡಗಿತು. “ನೀರು ಕಾದಾವು, ಬಂದೆ ತಡಿ” ಎಂದು ಶಾಂತವ್ವ ಆ ಕಡೆಗೆ ಹೇಳಿದರು.

ಇನ್ನೊಂದೇ ವಿಷಯ, ಅಂದಳು ಟ್ರೇಸಿ. ಹೋಲ್ಡಿನಲ್ಲಿ ಇಬ್ಬರೂ ಏನೋ ಮಾತಾಡಿದ್ದು ರೆಕಾರ್ಡಿನಲ್ಲಿ ಬಂದಿದೆ. ನಾನು ಅದನ್ನೂ ಬರೆದುಕೊಳ್ಳಬೇಕು. ಏನದು?

ಏನಿಲ್ಲ ಅನ್ನಬಹುದಾಗಿತ್ತು. ಸುಖದುಃಖ ಅನ್ನಬಹುದಾಗಿತ್ತು. ಇಂಗ್ಲಿಷಿನಲ್ಲಿ ಮಾತ್ರ ಯಾರು ಎನ್ನದೆ ವಾಕ್ಯ ನಿಲ್ಲುವುದಿಲ್ಲ. “ನಿಮಗೂ ನೋವಿದೆಯಾ, ಮಾತ್ರೆ ತಗೋತೀರಾ, ಇಲ್ಲದಿದ್ದರೆ ಏನಾಗುತ್ತೆ ಅಂತ ಕೇಳಿದರು,” ಎಂದಳು ಇಂದುಮತಿ. “ಉತ್ತರ, ಐ ಕಾಂಟ್ ಡೂ ವಿದೌಟ್ ದ ಪಿಲ್ಸ್.” ಫೈಲಿನಲ್ಲಿದ್ದ ಅದೇ ವಾಕ್ಯ, ಒಂದು ಪದವೂ ಆಚೀಚೆಯಾಗಿರಲಿಲ್ಲ.

ಕೀಲಿಗಳು ಓಡಲು ಹೋಗಿ ನಿಂತವು. “ಸಾರಿ. ಇದು ಯಾರ ಮಾತು? ಮೆಂಬರದಾ?”

“ಅಲ್ಲ. ಇಂಟರ್ಪ್ರಿಟರದು.”

“ಏನ್ರಿ ಅದು, ಈಗ ಏನಂದ್ರಿ?” ಎಂದು ಶಾಂತವ್ವ ಕೇಳುತ್ತಿದ್ದರು. ಅವರಿಗೂ ಹೇಳಬೇಕಾಗಿತ್ತು. ಇಂದುಮತಿ ಸ್ಟೂಲಿನ ಮೇಲೆ ನೆಟ್ಟಗೆ ಕೂತು, “ನಾನು” ಎಂದು ಶುರುಮಾಡಿದಳು.